ಇಪ್ಪತ್ತಮೂರು ಜಾಗಗಳ ಒಡೆಯ

ಹಿಂದ್ಬನ್ನಿ ಎಂಬುದು ಅವನ ಹೆಸರಲ್ಲ, ಬಿರುದು. ಇಪ್ಪತ್ತೆರಡು ವರ್ಷದಿಂದ ದೊಡ್ಡ ಆಸ್ಪತ್ರೆಯೊಂದರ ಎರಡನೇ ನೆಲಮಾಳಿಗೆಯಲ್ಲಿ, ಅಂದರೆ ಪಾತಾಳಕ್ಕೆ ಒಂದೇ ಮಹಡಿ ಬಾಕಿ ಇರುವ ಕಡೆ, ಅವನು ಕಾರು ನಿಲುಗಡೆಯ ಮೇಲ್ವಿಚಾರಕ. ಕೊರಳಲ್ಲಿ ಸೀಟಿ, ಕೈಯಲ್ಲಿ ಕೆಂಪು ಟಾರ್ಚು. "ಹಿಂದ್ಬನ್ನಿ, ಹಿಂದ್ಬನ್ನಿ, ಎಡಕ್ಕೆ ಕಟ್ ಮಾಡಿ, ಹಾಂ, ಸಾಕ್ ಸಾಕ್!" ಎಂದು ಅವನು ಕೂಗಿದರೆ ಎಂಥ ಸೊಕ್ಕಿನ ಸರ್ಜನ್ನೂ ಕಿಟಕಿಯಿಂದ ತಲೆ ಹೊರಗೆ ಹಾಕಿ ವಿಧೇಯನಾಗಿ ಹಿಂದಕ್ಕೆ ಬರುತ್ತಾನೆ. ಮೇಲೆ ಜನರ ಹೊಟ್ಟೆ ಕೊಯ್ದು ಹೊಲಿಯುವವನು ಕೆಳಗೆ ಎರಡು ಕಂಬಗಳ ನಡುವೆ ಬೆವರುತ್ತಾನೆ. ಎರಡು ಕಾರು ಹಿಡಿಸುವಲ್ಲಿ ಮೂರನ್ನು ನಿಲ್ಲಿಸಿ, ಮೂರರ ಬಾಗಿಲೂ ತೆರೆಯುವಂತೆ ಮಾಡುವುದು ಆ ಕಟ್ಟಡದಲ್ಲಿ ಅವನೊಬ್ಬನಿಗೇ ಸಿದ್ಧಿಸಿದ ವಿದ್ಯೆ. ದಿನಕ್ಕೆ ನೂರು ಸಲ ಅವನು ಜಪಿಸುವ ಇನ್ನೊಂದು ಮಂತ್ರ, "ಜಾಗ ಇಲ್ಲ ಸಾರ್."

ಹಗಲೆಲ್ಲ ಆಕಾಶದ ಮುಖ ಕಾಣದವನಿಗೆ ಸಂಜೆ ಆಕಾಶದ ಹುಚ್ಚು ಹಿಡಿದರೆ ಆಶ್ಚರ್ಯವೇನು? ಅವನ ಮನೆಯ ಹಿಂಭಾಗದಲ್ಲಿ ಆರಡಿಗೆ ಎಂಟಡಿಯ ಕೋಣೆಯೊಂದಿದೆ. ಅಲ್ಲಿ ಒಂದು ಹಳೆಯ ಕಂಪ್ಯೂಟರು, ಗುಜರಿಯಿಂದ ತಂದ ಕಾರಿನ ಸೀಟು, ಕೈಗೆ ಹಾರಾಟದ ಕೋಲು, ಕಾಲಡಿ ಎರಡು ಪೆಡಲು. ಇದು ಅವನ ಫ್ಲೈಟ್ ಸಿಮ್ಯುಲೇಟರು. ವಿಮಾನದ ಆಟ ಎಂದೀರಿ, ಜೋಕೆ. ಹಾಗೆಂದವರಿಗೆ ಅವನು ಎರಡು ವಾರ ಮಾತು ಬಿಟ್ಟದ್ದುಂಟು.

ಆ ಯಂತ್ರ ಮೊದಲು ಕೇಳುವ ಪ್ರಶ್ನೆ, ಎಲ್ಲಿಂದ ಶುರು ಮಾಡುತ್ತೀರಿ ಎಂದು. ಲೋಕದ ಯಾವ ವಿಮಾನ ನಿಲ್ದಾಣವನ್ನಾದರೂ ಆರಿಸಿಕೊಳ್ಳಬಹುದು. ರನ್‌ವೇ ತುದಿಯಲ್ಲಿ ನಿಲ್ಲಬಹುದು, ನಿಲುಗಡೆಯ ಗೆರೆಗಳ ನಡುವೆ ನಿಲ್ಲಬಹುದು, ಆತುರಗಾರರು ನೇರವಾಗಿ ಮೂರು ಸಾವಿರ ಅಡಿ ಮೇಲೆ ಗಾಳಿಯಲ್ಲೇ ಪ್ರತ್ಯಕ್ಷರಾಗಬಹುದು. ಬಿಸಿಲೋ ಮೋಡವೋ, ಬೆಳಗೋ ಬೈಗೋ ಹೊಂದಿಸಿ, ಒಂದು ಹೆಸರು ಕೊಟ್ಟು ಉಳಿಸಿಟ್ಟರೆ ಮತ್ತೆ ಯಾವತ್ತು ಬೇಕಾದರೂ ಅಲ್ಲಿಂದಲೇ ಹೊರಡಬಹುದು. ಬೇರೆಯವರು ಇದನ್ನೆಲ್ಲ ಅರೆನಿಮಿಷದಲ್ಲಿ ಮುಗಿಸಿ ಹಾರಿಹೋಗುತ್ತಾರೆ. ನಮ್ಮವನಿಗೆ ಅದೇ ಒಂದು ಸಂಜೆಯ ಕೆಲಸ. ಇಲ್ಲಿ ನಿಲ್ಲಿಸಿದರೆ ರೆಕ್ಕೆ ಪಕ್ಕದವನಿಗೆ ತಾಗುತ್ತದೆ. ಅಲ್ಲಿ ನಿಲ್ಲಿಸಿದರೆ ಹೊರಡುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹೆಣ್ಣಿನ ಕಡೆಯವರು ಗಂಡನ್ನು ನೋಡುವಂತೆ ಹಿಂದೆ ಮುಂದೆ ನೋಡಿ, ಕೊನೆಗೆ ಒಪ್ಪಿಗೆಯಾಗಿ ಉಳಿಸಿಟ್ಟು, ಎಂಜಿನ್ನು ಚಾಲೂ ಮಾಡಿ, ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಮನೆಯೊಳಗಿನ ಓಣಿಯಿಂದ ದನಿ ಬರುತ್ತಿತ್ತು:

"ರೀ, ಊಟಕ್ಕೆ ಬರ್ತೀರೋ, ಇಲ್ಲಾ ಅಲ್ಲಿಗೇ ಎಸೀಲೋ?"

ಹೀಗೆ ನಾಲ್ಕು ವರ್ಷದಲ್ಲಿ ಅವನು ಉಳಿಸಿಟ್ಟ ಜಾಗ ಇಪ್ಪತ್ತಮೂರು. ಮೇಲೇರಿದ್ದು ಐದಾರು ಸಲ. ಇಳಿದದ್ದು ಒಂದು ಸಲವೂ ಇಲ್ಲ.

ಆ ದನಿ ಅವನ ಹೆಂಡತಿಯದು. ಹೊಲಿಗೆ ಅವಳ ಕಸುಬು. ಸುತ್ತಲಿನ ಮೂರು ಶಾಲೆಗಳ ಮಕ್ಕಳ ಅಂಗಿಗಳೆಲ್ಲ ಅವಳ ಮೆಷಿನ್ನಿನಿಂದಲೇ ಬಂದವು. ಆದರೆ ಮೆಷಿನ್ನು ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಬಚ್ಚಲ ಬಾಗಿಲು ತೆರೆದಾಗಲೆಲ್ಲ ಅದು ಢಬ್ಬೆಂದು ಅವಳ ಮೊಣಕೈಗೆ ಬಡಿಯುತ್ತಿತ್ತು; ಯಾವುದೋ ಪಾಪದ ಮಗುವಿನ ಜೇಬು ಓರೆಯಾಗುತ್ತಿತ್ತು. ಒಂದು ದಿನ ಅವಳು ಅಂತಿಮ ಆಜ್ಞೆ ಹೊರಡಿಸಿದಳು.

"ಭಾನುವಾರದೊಳಗೆ ನಿಮ್ಮ ವಿಮಾನ ನಿಲ್ದಾಣ ಖಾಲಿ ಆಗ್ಬೇಕು. ನನ್ನ ಮೆಷಿನ್ ಆ ಕೋಣೆಗೆ ಬರತ್ತೆ."

"ಎರಡೂ ಹಿಡಿಸಲ್ವಲ್ಲೇ. ಜಾಗ ಎಲ್ಲಿದೆ?"

"ಆ ಮಾತು ನಿಮ್ಮ ಆಸ್ಪತ್ರೇಲಿಟ್ಕೊಳ್ಳಿ."

ಸಾಮ್ರಾಜ್ಯ ಕಳೆದುಕೊಳ್ಳಲಿರುವ ದೊರೆ ಕೋಣೆ ಸೇರಿ, ಆಸ್ಪತ್ರೆಯ ಗೇಟು ಕಾಯುವ ಗೆಳೆಯನಿಗೆ ಫೋನಿನಲ್ಲಿ ಗೋಳು ತೋಡಿಕೊಂಡ. "ಇಪ್ಪತ್ಮೂರು ಜಾಗ ಉಳಿಸಿಟ್ಟಿದ್ದೀನಿ ಕಣೋ. ಒಂದೊಂದೂ ಹುಡುಕಿ ಹುಡುಕಿ ಮಾಡಿದ್ದು. ಸಮುದ್ರದ ಪಕ್ಕದವೇ ನಾಲ್ಕಿವೆ. ಇವಳಿಗೇನು ಗೊತ್ತು? ಒಂದನ್ನೂ ತೋರಿಸಿಲ್ಲ."

ಬಾಗಿಲಾಚೆ ಅತ್ತೆ ಇದ್ದರು. ಮಗಳ ಮನೆಯಲ್ಲೇ ಇರುವ ಈ ಹಿರಿಯ ಜೀವಕ್ಕೆ ಕಿವಿ ಮಂದ ಎಂದು ಮನೆಯವರ ನಂಬಿಕೆ. ಹಾಗೇನಿಲ್ಲ. ಬೇಡದ ಮಾತು ಎದುರು ನಿಂತು ಕೂಗಿದರೂ ಕೇಳದು, ಬೇಕಾದದ್ದು ಗೋಡೆ ತೂರಿ ಬಂದು ಕೇಳುತ್ತದೆ. ಅವರು ಕೂಡಲೇ ಮಗನಿಗೆ ಫೋನು ಮಾಡಿದರು. ಮಗ, ಅಂದರೆ ಹಿಂದ್ಬನ್ನಿಯ ಭಾವ, ಜಾಗದ ದಲ್ಲಾಳಿ. ಹಲ್ಲಿನ ಸಂದಿ ಖಾಲಿಯಿದ್ದರೂ ಅದಕ್ಕೊಬ್ಬ ಗಿರಾಕಿ ಹುಡುಕುವ ಆಸಾಮಿ. ಅದುವರೆಗೆ ಹಿಂದ್ಬನ್ನಿಯನ್ನು ಕಂಡಾಗ "ಏನ್ ಭಾವ, ಇನ್ನೂ ಸೀಟಿ ಊದ್ತಿದ್ದೀರಾ?" ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಮರುದಿನ ಸಂಜೆ ಹಣ್ಣಿನ ಬುಟ್ಟಿಯೊಂದಿಗೆ ಹಾಜರಾದ.

"ಭಾವ, ನಿಮ್ಮ ಜಾಗಗಳು ಎಲ್ಲೆಲ್ಲಿವೆ ಅಂತ ಕೇಳಬಹುದಾ?"

ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯ! ನಮ್ಮವನು ಕುರ್ಚಿ ಎಳೆದು ಕೂರಿಸಿದ. "ಅಯ್ಯೋ, ಕೇಳಿ ಭಾವ, ಕೇಳಿ! ನನ್ನ ಮೆಚ್ಚಿನದ್ದು ಒಂದು ದ್ವೀಪದ ತುದಿಯಲ್ಲಿದೆ. ಮೂರು ಕಡೆ ನೀರು."

"ರಸ್ತೆ?"

"ರಸ್ತೆ ಅಂದ್ರೆ ರಸ್ತೆ! ನೇರ ಎರಡು ಮೈಲಿ, ಒಂದು ತಿರುವಿಲ್ಲ. ಅಗಲ ನೂರೈವತ್ತಡಿ."

ಭಾವ ನೀರು ಕೇಳಿ ಕುಡಿದ. "ಅಕ್ಕಪಕ್ಕ ಮನೆಗಳು?"

"ಒಂದೂ ಇಲ್ಲ. ಕಟ್ಟೋಕೇ ಬಿಡಲ್ಲ."

"ಆಹಾ. ಇನ್ನೊಂದು?"

"ಅದು ಮೂರು ಸಾವಿರ ಅಡಿ."

"ಚದರಡೀನಾ?"

"ಅಲ್ಲ ಭಾವ, ಎತ್ತರ."

"ಬೆಟ್ಟದ ಮೇಲೆ!" ಭಾವ ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದ. "ಒಬ್ಬರಿಗೂ ಸುಳಿವು ಕೊಡದೆ ಇಷ್ಟೊಂದು ಹೇಗೆ ಮಾಡಿದ್ರಿ?"

"ಅದೇನು ಮಹಾ? ನೋಡೋದು. ಇಷ್ಟ ಆದ್ರೆ ಒತ್ತೋದು."

"ಒತ್ತೋದು!" ಒತ್ತುವರಿ ಎಂಬ ಪದ ಭಾವನ ಕಣ್ಣುಗಳಲ್ಲಿ ದೀಪದಂತೆ ಹೊತ್ತಿಕೊಂಡಿತು. ಬೇಲಿ ಸರಿಸಿ ಕಂಡವರ ನೆಲ ನುಂಗುವ ಆ ಕಲೆಯಲ್ಲಿ ತನ್ನನ್ನೂ ಮೀರಿಸಿದ ವಿದ್ವಾಂಸ ಈ ಸೀಟಿಯವನೇ! "ಯಾರೂ ಕೇಳಲ್ವಾ ಭಾವ?"

"ಒಂದೇ ಸಲ ಕೇಳೋದು, ಉಳಿಸಲೋ ಬೇಡವೋ ಅಂತ. ಹೌದು ಅಂದ್ರೆ ಮುಗೀತು, ನಮ್ಮದೇ."

ಭಾವ ಎದ್ದು ಕೈಮುಗಿದ. ಹೋಗುವಾಗ ತಂಗಿಗೆ ಹೇಳಿದ: "ನೋಡಮ್ಮ, ಆ ಕೋಣೆ ತಂಟೆಗೆ ಹೋಗ್ಬೇಡ. ಕಾಗದಪತ್ರ ಎಲ್ಲ ಅಲ್ಲೇ ಇರತ್ತೆ." ಅತ್ತೆಯೂ ದನಿಗೂಡಿಸಿದರು: "ಅಳಿಯಂದ್ರು ಕೂತ ಕಡೆಯಿಂದ ಏಳಿಸಬಾರದು ಕಣೇ."

ಹಿಂದ್ಬನ್ನಿಗೆ ಏನೊಂದೂ ಹೊಳೆದಿರಲಿಲ್ಲ. ಹೆಂಡತಿ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ಅರ್ಧ ಹೊಲಿದ ಅಂಗಿಯಿತ್ತು.

"ನನಗೆ ಗೊತ್ತಿಲ್ದೆ ಇಪ್ಪತ್ಮೂರು ಜಾಗ ಮಾಡಿದ್ದೀರಂತೆ. ಬೆಟ್ಟದ ಮೇಲೆ, ಸಮುದ್ರದ ಪಕ್ಕ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಅಷ್ಟರಲ್ಲಿ ಒಂದರಲ್ಲೂ ನನ್ನ ಮೆಷಿನ್ ಇಡೋವಷ್ಟು ಜಾಗ ಇರಲಿಲ್ವೇನ್ರೀ?"

ಆಗ ಅವನಿಗೆ ಎಲ್ಲವೂ ಅರ್ಥವಾಯಿತು. ಬಾಯಿ ತೆರೆದ. ನಿಜ ಹೇಳಿದರೆ ಕೋಣೆ ಹೋಗುತ್ತದೆ, ಸುಮ್ಮನಿದ್ದರೆ ಉಳಿಯುತ್ತದೆ. ತೆರೆದ ಬಾಯಿಯನ್ನು ಮುಚ್ಚಿಕೊಂಡ.

ಮುಂದಿನ ಮೂರು ದಿನ ಅವನದು ರಾಜಭೋಗ. ಮನೆಯ ಮೊದಲ ಲೋಟ ಕಾಫಿ ಅವನಿಗೆ. ಅವನು ಕೆಮ್ಮಿದರೆ ಅತ್ತೆ ಫ್ಯಾನು ಆರಿಸುತ್ತಿದ್ದರು. ಹೆಂಡತಿ ಮಾತ್ರ ಊಟಕ್ಕೆ ಕರೆಯುವುದನ್ನೇ ಬಿಟ್ಟಳು. ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದಳು. ಯಾರೂ ಅಡ್ಡಿ ಮಾಡದ ಮೂರು ಸಂಜೆಗಳು! ಆದರೂ ವಿಮಾನ ನಿಂತಲ್ಲಿಂದ ಕದಲಲಿಲ್ಲ. ಧ್ರುವದ ಹಿಮದಲ್ಲಿ ತಂದು ನಿಲ್ಲಿಸಿದರೂ ಬೆನ್ನ ಹಿಂದೆ ಬಚ್ಚಲ ಬಾಗಿಲು 'ಢಬ್' ಎನ್ನುತ್ತಿತ್ತು. ಮರುಭೂಮಿಗೆ ಓಡಿಹೋದರೆ ಅಲ್ಲೂ 'ಢಬ್'.

ಭಾನುವಾರ ಬೆಳಗ್ಗೆ ಭಾವ ಬಂದ. "ಕಾರು ತಂದಿದ್ದೀನಿ, ಟೇಪೂ ತಂದಿದ್ದೀನಿ. ನಡೀರಿ ಭಾವ, ಮೊದಲು ಆ ಸಮುದ್ರದ ಪಕ್ಕದ್ದು ಅಳೆದು ಬರೋಣ."

ಹಿಂದ್ಬನ್ನಿ ಹೆಂಡತಿಯ ಕಡೆ ನೋಡಿದ. ಅವಳು ಮೊಣಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಕಾರು ಬೇಡ ಭಾವ. ಒಳಗೇ ಬನ್ನಿ. ಎಲ್ಲರೂ ಬನ್ನಿ."

ಆರಡಿ ಎಂಟಡಿಯಲ್ಲಿ ನಾಲ್ವರು ತುರುಕಿಕೊಂಡರು. ಅತ್ತೆಗೆ ಸೀಟು ಸಿಕ್ಕಿತು. ಅವನು ದ್ವೀಪದ ಜಾಗ ತೆರೆದ. ಪರದೆಯ ತುಂಬ ನೀಲಿ ನೀರು, ನೂರೈವತ್ತಡಿ ಅಗಲದ ರನ್‌ವೇ, ಅದರ ತುದಿಯಲ್ಲಿ ಒಂದು ಪುಟ್ಟ ವಿಮಾನ. ಆಮೇಲೆ ಪಟ್ಟಿ ತೆರೆದು ಇಪ್ಪತ್ತಮೂರನ್ನೂ ತೋರಿಸಿದ. "ಇಷ್ಟೇ. ನನ್ನ ಆಸ್ತಿ ಎಲ್ಲ ಇದರೊಳಗಿದೆ."

ಭಾವನ ಕೈಯಿಂದ ಟೇಪು ಜಾರಿ ಸರ್ರನೆ ಸುತ್ತಿಕೊಂಡಿತು. "ಇದು... ಇದು ಆಟ!"

"ಸಿಮ್ಯುಲೇಟರು," ಎಂದು ನಮ್ಮವನು ಆ ಗಳಿಗೆಯಲ್ಲೂ ತಿದ್ದಿದ.

"ಜಾಗ ಚೆನ್ನಾಗೇ ಇದೆಯಲ್ಲ," ಎಂದರು ಅತ್ತೆ. "ಮನೆ ಯಾವಾಗ ಕಟ್ಟಿಸ್ತೀರಿ?"

ಭಾವ ಟೇಪು ಹೆಕ್ಕಿಕೊಂಡು ಹೊರಟ. ಬುಟ್ಟಿಯಲ್ಲಿ ಉಳಿದಿದ್ದ ಹಣ್ಣನ್ನು ಮರೆಯದೆ ಎತ್ತಿಕೊಂಡ. ಹೆಂಡತಿ ನಗತೊಡಗಿದಳು. ಕೊರಳಲ್ಲಿದ್ದ ಅಳತೆಪಟ್ಟಿ ಜಾರಿ ಬೀಳುವಷ್ಟು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಭೀರಳಾದಳು.

"ಸರಿ. ಇವತ್ತು ಭಾನುವಾರ."

ತೀರ್ಪು ಬಂದಾಗಿತ್ತು. ಅವನು ಕೋಣೆಯ ನಾಲ್ಕು ಮೂಲೆಗಳನ್ನು ಕೊನೆಯ ಸಲ ಎಂಬಂತೆ ದಿಟ್ಟಿಸಿದ. ದಿಟ್ಟಿಸುತ್ತಾ ದಿಟ್ಟಿಸುತ್ತಾ ಅವನ ಕಣ್ಣು ಸಣ್ಣದಾಯಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಮೂರನೇ ಕಾರು ಕಂಡಾಗ ಆಗುವಂತೆ. ಮೊಳೆಯಲ್ಲಿ ತೂಗುಬಿಟ್ಟಿದ್ದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡ.

"ಮೆಷಿನ್ ತಳ್ಕೊಂಡು ಬಾ. ಹಾಂ, ಹಿಂದ್ಬನ್ನಿ ಮೇಡಂ, ಹಿಂದ್ಬನ್ನಿ, ಬಲಕ್ಕೆ ಕಟ್ ಮಾಡಿ..."

"ಮದುವೆಯಾದ ಇಪ್ಪತ್ತು ವರ್ಷಕ್ಕೆ ಇವತ್ತು 'ಬನ್ನಿ' ಅಂದ್ರಿ," ಎಂದಳು ಹೆಂಡತಿ ಏದುಸಿರು ಬಿಡುತ್ತ.

"ಸಾಕ್ ಸಾಕ್!"

ಮೇಜು ಕಾಲು ಸುತ್ತು ತಿರುಗಿತು, ಮೆಷಿನ್ನು ಕಿಟಕಿಗೆ ಮುಖ ಮಾಡಿತು, ನಡುವೆ ಕಾರಿನ ಸೀಟಿಗೂ ಒಂದು ಸ್ಟೂಲಿಗೂ ಎಡೆ ಉಳಿಯಿತು. ಬಾಗಿಲು ಪೂರ್ತಿ ತೆರೆಯಿತು, ಯಾರ ಮೊಣಕೈಗೂ ತಾಗಲಿಲ್ಲ. ಇಪ್ಪತ್ತೆರಡು ವರ್ಷದ ವಿದ್ಯೆಯನ್ನು ಅವನು ಮನೆಯೊಳಗೆ ಪ್ರಯೋಗಿಸಿದ್ದು ಅದೇ ಮೊದಲು.

ಹೆಂಡತಿ ಕಾರಿನ ಸೀಟಿನಲ್ಲಿ ಕೂತಳು. "ರೀ, ನನ್ನ ಹೆಸರಿಗೂ ಒಂದು ಜಾಗ ಮಾಡಿ."

"ಮಾಡೋಣ. ನಿಲುಗಡೇಲಾ, ರನ್‌ವೇಲಾ?"

"ನಿಂತು ನಿಂತು ಸಾಕಾಗಿದೆ. ಮೇಲೇ ಇರಲಿ."

ಮೂರು ಸಾವಿರ ಅಡಿ, ಇಳಿಬಿಸಿಲು, ಕೆಳಗೆ ಸಮುದ್ರ. ಅವಳ ಹೆಸರು ಬರೆದು, ಒತ್ತಿದ. ಇಪ್ಪತ್ತನಾಲ್ಕನೆಯ ಜಾಗ ಉಳಿಯಿತು. ಮೆಷಿನ್ ತುಳಿದು ಪಳಗಿದ ಅವಳ ಕಾಲು ತಾನಾಗಿ ಪೆಡಲು ತುಳಿಯತೊಡಗಿತು. ವಿಮಾನ ಬಾತುಕೋಳಿಯಂತೆ ಬಾಲ ಅಲ್ಲಾಡಿಸುತ್ತ ಸಮುದ್ರದ ಮೇಲೆ ಹೊರಟಿತು. ಅವನು ಪಕ್ಕದ ಸ್ಟೂಲಿನಲ್ಲಿ ಉಸಿರು ಬಿಗಿಹಿಡಿದು ಕೂತ. ಬಹಳ ಹೊತ್ತು ಹಾರಿದರು. ಊಟಕ್ಕೆ ಕರೆಯುವವಳೇ ಕೋಲು ಹಿಡಿದು ಕೂತ ಮೇಲೆ ಕರೆಯುವವರು ಯಾರು?

ಕೊನೆಗೆ ನಡುಮನೆಯಿಂದ ಅತ್ತೆ ಕೂಗಿದರು. "ಈ ಮನೇಲಿ ಊಟ ಹಾಕೋರು ಯಾರೂ ಇಲ್ವಾ?"

"ಇಳಿದ ಮೇಲೆ ಬರ್ತೀನಮ್ಮಾ!"

"ಇಳಿಯೋಕೆ ಎಷ್ಟು ಹೊತ್ತು ಬೇಕಾಗತ್ತೆ ಅಳಿಯಂದ್ರೇ?"

"ಹೇಗೆ ಹೇಳ್ಲಿ ಅತ್ತೆ," ಎಂದ ಇಪ್ಪತ್ತನಾಲ್ಕು ಜಾಗಗಳ ಒಡೆಯ. "ಈ ಮನೇಲಿ ಇದುವರೆಗೆ ಯಾರೂ ಇಳಿದಿಲ್ಲ."