ತಂಗೆವ್ವನ ಸಿಟ್ಟು ಮತ್ತು ರೇವಂತನ ಡೈಪರು

ತಂಗೆವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸುದ್ದಗುಂಟೆಪಾಳ್ಯದ ಅವಳ ವಠಾರದವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ನಲ್ಲಿಯ ಮುಂದೆ ಸಾಲು ತಪ್ಪಿಸಿದವರನ್ನಾಗಲಿ, ಬಸ್ಸಿನಲ್ಲಿ ಹೆಂಗಸರ ಸೀಟು ಹಿಡಿದು ನಿದ್ದೆಯ ನಾಟಕವಾಡುವ ಗಂಡಸರನ್ನಾಗಲಿ ಅವಳು ಸುಮ್ಮನೆ ಬಿಟ್ಟವಳಲ್ಲ. ಆದರೆ ಮಕ್ಕಳ ಮೇಲೆ ಎಂದೂ ದನಿ ಏರಿಸಿದವಳಲ್ಲ. ಗದಗದ ಕಡೆಯಿಂದ ಬಂದು ಹದಿನಾರು ವರ್ಷ, ಅಂದಿನಿಂದ ಮಕ್ಕಳನ್ನು ನೋಡಿಕೊಳ್ಳುವುದೇ ಕೆಲಸ. ಒಂಬತ್ತು ಮನೆಗಳ ಮಕ್ಕಳು ಅವಳ ಸೊಂಟದ ಮೇಲೆ ಕೂತು ದೊಡ್ಡವರಾದರು. ಒಂದು ಮನೆಯವರೂ ಅವಳಿಗೆ ನಾಳೆಯಿಂದ ಬರಬೇಡ ಎಂದಿರಲಿಲ್ಲ. ಆ ಹೆಸರನ್ನು ಅವಳು ಕಿವಿಯ ಓಲೆಗಿಂತ ಜೋಪಾನವಾಗಿ ಕಾಪಾಡಿಕೊಂಡಿದ್ದಳು.

ಹತ್ತನೆಯ ಮನೆ ಅರೆಕೆರೆಯಲ್ಲಿ. ಮೂರಂತಸ್ತಿನ ಮನೆ, ಎದುರಿನ ಎರಡು ಬಿಲ್ಡಿಂಗೂ ಅವರದೇ, ಹಿಂದೆ ಅಲ್ಲೆಲ್ಲ ಅವರ ರಾಗಿ ಹೊಲವಿತ್ತಂತೆ. ಯಜಮಾನಿ ಲಕ್ಷ್ಮಮ್ಮ ಕೆಳಗಿನ ಹಾಲಿನಲ್ಲಿ ಕೂತು ಬಾಡಿಗೆದಾರರ ಪಂಚಾಯ್ತಿ ನೋಡಿಕೊಳ್ಳುತ್ತಿದ್ದರು. ಸೊಸೆ ಬಿಂದುಶ್ರೀಗೆ ಜಯನಗರದಲ್ಲಿ ಆಫೀಸು. ಬಿಂದುಶ್ರೀಯ ಮಗ ರೇವಂತ ಎರಡು ವರ್ಷದ ಗುಂಡುಗುಂಡಾದ ಹುಡುಗ, ಬೆಳಗಿನಿಂದ ಸಂಜೆಯ ತನಕ ತಂಗೆವ್ವನ ಪಾಲು.

ಈ ರೇವಂತ ಒಂದು ತಿಂಗಳಿಂದ ಹೊಸ ವಿದ್ಯೆ ಕಲಿತಿದ್ದ. ಮಧ್ಯಾಹ್ನ ಉಣಿಸಿ ಮಲಗಿಸಿದರೆ ಹತ್ತು ನಿಮಿಷದಲ್ಲಿ ಡೈಪರಿನ ಎರಡೂ ಪಟ್ಟಿ ಪರ್ರನೆ ಕಿತ್ತು ಮೂಲೆಗೆ ಎಸೆಯುವುದು. ಒಂದು ದಿನ ಹಾಸಿಗೆ ಒದ್ದೆ, ಇನ್ನೊಂದು ದಿನ ಗೋಡೆಗೂ ಬಳಿದು ಅಲಂಕಾರ. ತಂಗೆವ್ವ ತೊಳೆದಳು, ಒರೆಸಿದಳು, ಮತ್ತೆ ಹಾಕಿದಳು. ಅವನು ಮತ್ತೆ ಕಿತ್ತ.

ಬಿಂದುಶ್ರೀ ಫೋನಿನಲ್ಲಿ ವಿಡಿಯೋ ಕಳಿಸತೊಡಗಿದಳು. ಡೈಪರನ್ನು ಹಿಂದುಮುಂದು ಹಾಕಿ ನೋಡಿ, ಅದರ ಮೇಲೊಂದು ಚಡ್ಡಿ ಹಾಕಿ ನೋಡಿ. ಹಾಕಿದ್ದಾಯಿತು. ಚಡ್ಡಿಯೂ ಮೂಲೆ ಸೇರಿತು. "ರಾತ್ರಿ ನನ್ನ ಹತ್ರ ಮಲಗಿದಾಗ ಒಂದು ದಿನಾನೂ ತೆಗೆದಿಲ್ಲ ಆಂಟಿ. ನಿಮ್ಮ ಹತ್ರ ಯಾಕೆ ತೆಗೀತಾನೆ?" ಎಂದು ಕೇಳಿದಳು. ಆ ಮಾತು ತಂಗೆವ್ವನ ಎದೆಗೆ ನಾಟಿತು. ನಿಜ, ರಾತ್ರಿ ಅವನು ತಾಯಿಯ ತೋಳಿನ ಮೇಲೆ ಅಂಗಾತ ಮಲಗಿ ಬೆಳಗಿನ ತನಕ ಮಿಸುಕುವುದಿಲ್ಲ. ಮಧ್ಯಾಹ್ನ ಬೋರಲು ಮಲಗುವವನು ಇವಳ ಮೇಲೇ ಹಟ ಸಾಧಿಸುತ್ತಾನೆ.

ಬುಧವಾರ ಬೆಳಿಗ್ಗೆ ಬಿಂದುಶ್ರೀ ಕಂದು ಬಣ್ಣದ ಅಗಲವಾದ ಟೇಪಿನ ಉರುಳೆ ತಂದು ಕೊಟ್ಟಳು, ರಟ್ಟಿನ ಡಬ್ಬಿಗೆ ಸುತ್ತುತ್ತಾರಲ್ಲ, ಅದೇ. "ಡೈಪರ್ ಮೇಲೆ ಸುತ್ತ ಒಂದ್ ರೌಂಡ್ ಹಾಕ್ಬಿಡಿ. ಇವತ್ತೂ ಕಿತ್ರೆ ನನಗೆ ಬೇರೆ ದಾರಿ ಇಲ್ಲ ಆಂಟಿ, ಏಜೆನ್ಸಿಗೆ ಹೇಳಿ ಬೇರೆಯವರನ್ನ ಕರೆಸ್ತೀನಿ."

ತಂಗೆವ್ವನ ಮೈಯೆಲ್ಲ ಉರಿದುಹೋಯಿತು. ಕೂಸೇನು ಪಾರ್ಸೆಲ್ಲೇ? ಬಾಯಿಯ ತನಕ ಬಂದ ಮಾತನ್ನು ಹಲ್ಲು ಕಚ್ಚಿ ನುಂಗಿದಳು. ನುಂಗಿದ್ದೇ ತಪ್ಪು. ಒಂಬತ್ತು ಮನೆಗಳ ಹೆಸರು ಅವಳ ಬಾಯಿ ಕಟ್ಟಿತ್ತು.

ಮಧ್ಯಾಹ್ನ ಟೇಪು ಸುತ್ತಿದಳು. ಅಂಚು ಸ್ವಲ್ಪ ಹೊಟ್ಟೆಗೂ ಬೆನ್ನಿಗೂ ಅಂಟಿತು. ರೇವಂತ ಕೀಳಲು ನೋಡಿದ, ಬರಲಿಲ್ಲ. ಅಳತೊಡಗಿದ. ತಟ್ಟಿದಳು, ಹಾಡಿದಳು, ಅಳು ನಿಲ್ಲಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಬಿಂದುಶ್ರೀ ಆಫೀಸಿನಿಂದ ಮಗುವನ್ನು ನೋಡಲೆಂದು ಕಪಾಟಿನ ಮೇಲೆ ಇಡಿಸಿದ್ದ ಕ್ಯಾಮೆರಾದ ಕೆಂಪು ದೀಪ ಅವಳನ್ನೇ ದಿಟ್ಟಿಸುತ್ತಿತ್ತು. ಒಂದು ತಿಂಗಳ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು.

"ಸುಮ್ನ ಮಲಗ್ತಿ ಏನಿಲ್ಲೋ!" ಎಂದು ಚೀರಿದಳು.

ಹುಡುಗ ಬೆಚ್ಚಿಬಿದ್ದ. ಅಳು ನಿಂತಿತು. ಬೋರಲು ಮಲಗಿ, ಮೊಣಕಾಲೂರಿ, ಹೊಟ್ಟೆಯನ್ನು ಹಾಸಿಗೆಗೆ ತಾಗಿಸದೆ ಎತ್ತಿ ಹಿಡಿದುಕೊಂಡ. ಕಣ್ಣು ಎಳೆಯುತ್ತಿತ್ತು, ಮೈ ಕುಸಿಯುತ್ತಿತ್ತು. ಹೊಟ್ಟೆ ಹಾಸಿಗೆಗೆ ತಾಗಿದ ಕೂಡಲೇ ಮುಲುಗಿ ಮತ್ತೆ ಎತ್ತುತ್ತಿದ್ದ.

ತಂಗೆವ್ವ ಎರಡು ಸಲ ನೋಡಿದಳು. ಮೂರನೆಯ ಸಲಕ್ಕೆ ಅವನನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡು ಟೇಪು ಬಿಚ್ಚಿದಳು. ಡೈಪರು ಬಿಚ್ಚಿದಳು. ಅವನ ಸೊಂಟದಲ್ಲಿ ಕರಿ ಉಡಿದಾರವಿತ್ತು, ಅದರಲ್ಲಿ ಬೆರಳಿನ ಗೆಣ್ಣಿನಷ್ಟು ಬೆಳ್ಳಿಯ ತಾಯತ. ನಾಲ್ಕು ತಿಂಗಳ ಹಿಂದೆ ಮಗುವಿಗೆ ಜ್ವರ ಬಂದಾಗ ಲಕ್ಷ್ಮಮ್ಮ ಕಟ್ಟಿಸಿದ್ದು. ಹುಡುಗ ದುಂಡಗಾಗಿದ್ದ, ದಾರ ಬೆಳೆದಿರಲಿಲ್ಲ. ತಾಯತ ಡೈಪರಿನ ಬಿಗಿಯೊಳಗೆ ಸಿಕ್ಕಿ ಹೊಕ್ಕುಳಿನ ಕೆಳಗೆ ಗುಳಿ ಮಾಡಿತ್ತು. ಗುಳಿಯ ಸುತ್ತ ಚರ್ಮ ಸುಲಿದು ನೀರೊಡೆದಿತ್ತು.

ದಿನಾ ತೊಳೆದವಳು ಅವಳೇ. ದಿನಾ ಆ ಕೆಂಪು ಕಂಡಿದ್ದಳು, ಡೈಪರಿನ ಬೆವರುಸಾಲೆ ಎಂದು ಪೌಡರು ಹಾಕಿದ್ದಳು. ಉಡಿದಾರವನ್ನು ಮಾತ್ರ ನೋಡಿರಲಿಲ್ಲ. ಅವಳ ಊರಲ್ಲಿ ಗಂಡುಕೂಸಿನ ಸೊಂಟಕ್ಕೆ ಉಡಿದಾರವೆಂದರೆ ಕೈಗೆ ಬೆರಳಿದ್ದ ಹಾಗೆ. ಅದು ಚುಚ್ಚೀತು ಎಂದು ಯಾರು ನೆನೆಸುತ್ತಾರೆ? ಲಕ್ಷ್ಮಮ್ಮನ ಮೇಲೆ ಸಿಟ್ಟು ಬಂತು, ಟೇಪು ತಂದವಳ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ ಬಂತು, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು.

ಹೊಸದು ಕಟ್ಟದೆ ಹಳೆಯ ಉಡಿದಾರ ತೆಗೆಯಬಾರದು, ಅದು ಅವಳಿಗೂ ಗೊತ್ತು. ಬಿಡುವಿದ್ದಾಗ ಕೌದಿ ಹೊಲಿಯುವವಳು, ಚೀಲದಲ್ಲಿ ಸೂಜಿದಾರ ಇದ್ದೇ ಇರುತ್ತದೆ. ಕರಿ ನೂಲು ಏಳೆಳೆ ತೆಗೆದು ಮೊಣಕಾಲಿನ ಮೇಲಿಟ್ಟು ಹೊಸೆದಳು. ಎರಡು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಿದಳು. ಆಮೇಲೆ ಉಗುರಿನ ಕತ್ತರಿ ಕೈಗೆತ್ತಿಕೊಂಡಳು.

"ಆಂಟಿ! ಏನ್ ಮಾಡ್ತಿದೀರ? ಕತ್ತರಿ ಯಾಕೆ?" ಕ್ಯಾಮೆರಾದಿಂದ ಬಿಂದುಶ್ರೀಯ ದನಿ ಕೂಗಿತು.

ತಂಗೆವ್ವ ಮಗುವಿನ ಹೊಟ್ಟೆಗೆ ತಾಗದಂತೆ ಬೆರಳು ಅಡ್ಡ ಹಿಡಿದಳು. ಹಳೆಯ ದಾರ ಕಚಕ್ಕನೆ ಕತ್ತರಿಸಿದಳು.

ಸೊಸೆ ಕೆಳಗೂ ಫೋನು ಮಾಡಿದ್ದಳೆಂದು ಕಾಣುತ್ತದೆ, ಲಕ್ಷ್ಮಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತುಂಡಾದ ದಾರ ಕಂಡು ಅವರ ಮುಖ ಬಿಳುಚಿತು.

"ಯಾವಳೇ ನೀನು, ನಮ್ಮನೆ ಮಗೀನ ಉಡ್ದಾರ ಕತ್ತರ್ಸಕ್ಕೆ? ಅದು ಬದುಕಿರೋರ್ಗೆ ಮಾಡೋ ಕೆಲ್ಸಾನಾ? ನಡಿ ಆಚೆಗೆ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಹದಿನಾರು ವರ್ಷಕ್ಕೆ ಮೊದಲ ಬಾರಿ ಆ ಮಾತು ಕೇಳಿತು. ಕೇಳಿದ ಮೇಲೆ ತಂಗೆವ್ವನಿಗೆ ಹೆದರಲು ಏನೂ ಉಳಿಯಲಿಲ್ಲ.

"ಹೊಸದು ಕಟ್ಟೇ ಹಳೇದ್ ಕತ್ತರ್ಸೇನ್ರಿ ಅಮ್ಮಾರ, ನೋಡ್ರಿ. ಹೊಟ್ಟಿನೂ ನೋಡ್ರಿ." ಮಗುವನ್ನು ಎತ್ತಿ ಲಕ್ಷ್ಮಮ್ಮನಿಗೂ ಕ್ಯಾಮೆರಾಕ್ಕೂ ಹುಣ್ಣು ತೋರಿಸಿದಳು. ತಾಯತವನ್ನು ಲಕ್ಷ್ಮಮ್ಮನ ಅಂಗೈಗೆ ಹಾಕಿದಳು. "ಇದನ್ನ ನಿಮ್ಮ ಸೊಂಟಕ್ಕ ಕಟ್ಕೋರಿ. ಮ್ಯಾಲ ಬಿಗಿಯಾಗಿ ಟೇಪ್ ಸುತ್ಕೋರಿ. ಬೋರಲ ಮಲಗಿ ಒಂದ್ ತಾಸು ನಿದ್ದಿ ಮಾಡ್ರಿ ನೋಡೋಣು. ಮಾಡಿದ್ರ ನಾ ಕಾಲಿಗೆ ಬಿದ್ದು ಹೊಕ್ಕೇನಿ."

ಲಕ್ಷ್ಮಮ್ಮ ಹತ್ತಿರ ಬಂದರು. ಬಗ್ಗಿ ಮೊಮ್ಮಗನ ಹೊಟ್ಟೆ ನೋಡಿದರು. ತಾಯತ ಹಿಡಿದ ಕೈ ಮೆಲ್ಲಗೆ ಸೆರಗಿನೊಳಗೆ ಸರಿಯಿತು.

ತಂಗೆವ್ವ ಹುಣ್ಣಿಗೆ ಕೊಬ್ಬರಿ ಎಣ್ಣೆ ಸವರಿ, ಡೈಪರನ್ನು ಅದಕ್ಕೆ ತಾಗದಂತೆ ತಗ್ಗಿಸಿ ಕಟ್ಟಿ, ಮಗುವನ್ನು ಮಲಗಿಸಿದಳು. ಅವನು ಬೋರಲಾಗಿ, ಹೊಟ್ಟೆಯನ್ನು ಹಾಸಿಗೆಗೆ ಪೂರ್ತಿ ಒತ್ತಿ, ಎರಡೇ ನಿಮಿಷದಲ್ಲಿ ಗೊರಕೆ ಹೊಡೆದ. ಕೈ ಡೈಪರಿನ ಹತ್ತಿರಕ್ಕೂ ಹೋಗಲಿಲ್ಲ.

ಅವಳು ಚೀಲ ಹೆಗಲಿಗೇರಿಸುವಾಗ ಕ್ಯಾಮೆರಾ ಮತ್ತೆ ಮಾತಾಡಿತು. ಈಗ ದನಿ ಒಡೆದಿತ್ತು. "ಆಂಟಿ, ಹೋಗ್ಬೇಡಿ ಪ್ಲೀಸ್. ಅತ್ತೆಗೆ ನಾನು ಹೇಳ್ತೀನಿ. ಇನ್ಮೇಲೆ ಟೇಪ್ ಬೇಡ."

"ಟೇಪ್ ಬ್ಯಾಡ ಅನ್ನೂ ಮಾತು ಮುಂಜಾನೆ ನಾ ಅನ್ಬೇಕಿತ್ರಿ ಮೇಡಂ," ಎಂದಳು ತಂಗೆವ್ವ. "ಸುತ್ತಿದ್ದು ನನ್ನ ಕೈರಿ."

ಚೀಲ ಕೆಳಗಿಟ್ಟಳು. ಹಾಸಿಗೆಯ ಪಕ್ಕ ಕೂತು, ಎಣ್ಣೆ ಹಚ್ಚಿದ ಬೆರಳಿನಿಂದ ಮಲಗಿದ ಮಗುವಿನ ಬೆನ್ನಿಗೆ ಅಂಟಿದ್ದ ಗೋಂದನ್ನು ಮೆಲ್ಲಗೆ ಉಜ್ಜತೊಡಗಿದಳು. ಗೋಂದು ಬೇಗ ಬಿಡಲಿಲ್ಲ.