ಎಂಟನೆಯವಳು

ಆಗಸ್ಟ್ ತಿಂಗಳು ಬಂತೆಂದರೆ ಪೋರ್ಟ್ ಟ್ರೆವೆನ್ ಊರಿನ ಜನ ಗ್ಲೆನಿಸ್ ಪ್ಯಾಸ್ಕೊಳನ್ನು ಕಂಡು ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಅವಳಷ್ಟು ಒಳ್ಳೆಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಆದರೆ ಹತ್ತನೇ ತರಗತಿಯ ಮಕ್ಕಳು ಜನವರಿಯಲ್ಲಿ ಶುರುವಾಗುವ ಮುಂದಿನ ಎರಡು ವರ್ಷಕ್ಕೆ ಏನೇನು ಓದುವುದೆಂದು ಆರಿಸಿಕೊಳ್ಳುವುದು ಆಗಸ್ಟಿನಲ್ಲಿ. ಆಗ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದಳು. ಮಾಂಸದಂಗಡಿಯ ಸಾಲಿನಲ್ಲಿ, ಜೆಟ್ಟಿಯ ಮೇಲೆ ಗಾಳ ಹಾಕಿಕೊಂಡು ಕೂತವರ ಪಕ್ಕದಲ್ಲಿ, ನೆಟ್‌ಬಾಲ್ ಅಂಕಣದ ಅಂಚಿನಲ್ಲಿ, ಎಲ್ಲಿ ಯಾರ ಅಪ್ಪ ಅಮ್ಮ ಸಿಕ್ಕಿದರೂ ಒಂದೇ ಪ್ರಶ್ನೆ: "ನಿಮ್ಮ ಹುಡುಗ ಫಿಸಿಕ್ಸ್ ತಗೋತಾನೆ ತಾನೆ?" ಕೇಳುವ ಧಾಟಿ ನೋಡಿದರೆ ಯಾರಿಗೋ ತುರ್ತಾಗಿ ರಕ್ತ ಬೇಕಾಗಿದೆ ಅನ್ನಿಸಬೇಕು.

ಬೇಕಾಗಿದ್ದದ್ದು ನಿಜವೇ. ಊರಿನ ಹೈಸ್ಕೂಲಿನಲ್ಲಿ ಬಯಾಲಜಿ ತರಗತಿ ತಾನಾಗಿ ತುಂಬುತ್ತಿತ್ತು. ಕುರಿ, ದನ, ಶ್ವಾಸಕೋಶ, ಎಲ್ಲ ಕಣ್ಣೆದುರಿಗೇ ಇರುವಂಥವು, ಮಕ್ಕಳಿಗೆ ಭಯವಿರಲಿಲ್ಲ. ಕೆಮಿಸ್ಟ್ರಿಯೂ ಹೇಗೋ ಕುಂಟಿಕೊಂಡು ನಡೆಯುತ್ತಿತ್ತು. ಫಿಸಿಕ್ಸ್ ಮಾತ್ರ ಪ್ರತಿವರ್ಷ ಬಾಗಿಲಲ್ಲಿ ನಿಂತು ಬೇಡುವ ಸ್ಥಿತಿ. ಹೊಸದಾಗಿ ಎಂಟು ಜನ ಸೇರಿದರೆ ತರಗತಿ ನಡೆಯುತ್ತದೆ, ಏಳಾದರೆ ಇಲ್ಲ. ಇಲ್ಲವೆಂದಾದರೆ ಬೇಕಾದವರು ಹಳೇ ಉಗ್ರಾಣದ ಕೋಣೆಯಲ್ಲಿ ಪರದೆಯ ಮುಂದೆ ಕೂತು, ಅಡಿಲೇಡಿನಲ್ಲೆಲ್ಲೋ ಇರುವ ಮೇಷ್ಟ್ರಿಂದ ಕಲಿಯಬೇಕು. ಗಾಳಿ ಜೋರಾದ ದಿನ ಆ ಮೇಷ್ಟ್ರ ಬಾಯಿ ಆಡುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಹಾಗೆ ಕೂತವರಲ್ಲಿ ಅರ್ಧ ಜನ ಈಸ್ಟರ್ ರಜೆಯ ಹೊತ್ತಿಗೆ ಕೈಬಿಡುತ್ತಿದ್ದರು.

ನಡೆದ ವರ್ಷಗಳಲ್ಲೂ ಮಕ್ಕಳು ಕಡಿಮೆಯೇ, ಅದಕ್ಕೇ ಫಿಸಿಕ್ಸ್ ಟೀಚರ್ ಆದ ಗ್ಲೆನಿಸ್ ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಬೋರ್ಡಿನ ನಡುವೆ ಒಂದು ಗೆರೆ, ಎಡಗಡೆ ಚಿಕ್ಕವರದು, ಬಲಗಡೆ ದೊಡ್ಡವರದು. ಮಾತಿನ ಭರದಲ್ಲಿ ಅವಳು ಗೆರೆ ದಾಟಿಬಿಡುತ್ತಿದ್ದಳು. ಎಡಗಡೆಯವರು ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ಪುಕ್ಕಟೆ ಕೇಳಿಸಿಕೊಳ್ಳುತ್ತಿದ್ದರು. ಒಂದು ವರ್ಷದ ಮಟ್ಟಿಗೆಂದು ಬಂದ ಈ ಮೇಡಂ ಬಾರ್ಲಿ ಬೆಳೆಯುವ ಕಾಲಿನ್ ಪ್ಯಾಸ್ಕೊನನ್ನು ಮದುವೆಯಾಗಿ ಇಲ್ಲೇ ಬೇರು ಬಿಟ್ಟದ್ದು, ಒಬ್ಬಳೇ ಮಗಳು ರಾಬಿನ್‌ಗೆ ಇದೇ ಬೋರ್ಡಿನ ಎರಡೂ ಬದಿಯ ಪಾಠ ಹೇಳಿದ್ದು, ಆ ಮಗಳು ಈಗ ಪರ್ತಿನಲ್ಲಿ ಸೇತುವೆ ಕಟ್ಟಿಸುತ್ತಿರುವುದು, ಇದೆಲ್ಲ ಊರಿಗೇ ಬಾಯಿಪಾಠ. ಕಾಲಿನ್‌ಗೆ ಈಗ ಹೊಲ ಗುತ್ತಿಗೆಗೆ ಕೊಟ್ಟು ಪರ್ತಿನಲ್ಲಿ ಮೊಮ್ಮಕ್ಕಳ ಜೊತೆ ಇರಬೇಕೆಂಬ ಆಸೆ. ಗ್ಲೆನಿಸ್‌ಗೂ ನಿವೃತ್ತಿಯ ವಯಸ್ಸು ಬಂದಿತ್ತು. ಹೋಗುವುದೆಂದೇ ಗಂಡ ಹೆಂಡತಿ ತೀರ್ಮಾನಿಸಿದ್ದರು.

ಅಷ್ಟರಲ್ಲಿ, ಜುಲೈ ತಿಂಗಳ ಒಂದು ಮಧ್ಯಾಹ್ನ, ಪ್ರಿನ್ಸಿಪಾಲ್ ರಸ್ಸೆಲ್ ಟ್ರೆಗೆನ್ಜಾ ಪ್ರಯೋಗಶಾಲೆಗೆ ಬಂದ. ಅವನು ಗ್ಲೆನಿಸ್‌ಳ ಮೊದಲ ತಂಡದ ಶಿಷ್ಯ. ಹುಡುಗನಾಗಿದ್ದಾಗ ಇದೇ ಕೋಣೆಯಲ್ಲಿ ಒಂದು ಹುಬ್ಬು ಸುಟ್ಟುಕೊಂಡಿದ್ದ. ಅವಳು ಅವನ ಅಮ್ಮನಿಗೆ ಹೇಳದೆ, ತನ್ನ ಕಾಡಿಗೆ ಕಡ್ಡಿಯಿಂದ ಹುಬ್ಬು ಬರೆದು ಮನೆಗೆ ಕಳಿಸಿದ್ದಳು. ಅವನು ಪ್ರಿನ್ಸಿಪಾಲ್ ಆಗಿ ಬಂದಾಗ ಇಡೀ ಊರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ.

"ಮಿಸ್," ಎಂದ ರಸ್ಸೆಲ್. ಐವತ್ತರ ಹತ್ತಿರವಾದರೂ ಅವಳು ಅವನಿಗೆ ಮಿಸ್ಸೇ. "ಈ ವರ್ಷ ಕಷ್ಟ ಇದೆ. ಫಿಸಿಕ್ಸ್ ಹೊತ್ತಿಗೆ ಆಟದ ತರಬೇತಿ ಕೋರ್ಸು ಇಡಿ ಅಂತ ಎಲ್ರೂ ದುಂಬಾಲು ಬಿದ್ದಿದಾರೆ. ನೀವು ಎಂಟು ಜನರನ್ನ ತನ್ನಿ, ನಾನು ಕ್ಲಾಸು ನಡೆಸ್ತೀನಿ. ಆದ್ರೆ ನೀವು ಇನ್ನೆರಡು ವರ್ಷ ಇರ್ಬೇಕು."

"ಎಂಟು ತಂದ್ರೆ ನಡೆಯುತ್ತೆ ತಾನೆ? ಆಮೇಲೆ ರಾಗ ಎಳೀಬಾರ್ದು ನೋಡು."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಮಿಸ್? ನನ್ನ ಟ್ಯಾಮ್ಸಿನ್ನೇ ಮೊದಲನೆಯವಳು ಅಂತ ಇಟ್ಕೊಳ್ಳಿ. ಇನ್ನು ಏಳು ಹುಡುಕಿದ್ರೆ ಸಾಕು."

ಪ್ರಿನ್ಸಿಪಾಲ್‌ನ ಸ್ವಂತ ಮಗಳೇ ಮೊದಲನೆಯವಳು ಅಂದಮೇಲೆ ಕೇಳುವುದೇನಿದೆ. ಗ್ಲೆನಿಸ್ ಮನೆಗೆ ಹೋಗಿ ಕಾಲಿನ್‌ಗೆ ಪರ್ತ್ ಎರಡು ವರ್ಷ ಮುಂದಕ್ಕೆ ಹೋಯಿತೆಂದಳು. ಅವನು ಬೂಟು ಬಿಚ್ಚುತ್ತ, "ಆ ಒಂಟಿಹುಬ್ಬಿನವನು ಕರೆದ್ರೆ ನೀನು ಸತ್ರೂ ಎದ್ದು ಹೋಗ್ತೀಯ ಬಿಡು," ಎಂದ. ಅದಕ್ಕಿಂತ ಹೆಚ್ಚು ಜಗಳ ಅವರ ಮನೆಯಲ್ಲಿ ನಡೆಯುವುದಿಲ್ಲ.

ಟ್ಯಾಮ್ಸಿನ್ ಅಲ್ಲದೆ ಇನ್ನೂ ಆರು ಜನ ಹೇಗೋ ಒಟ್ಟಾದರು. ಒಬ್ಬನಿಗೆ ಪೈಲಟ್ ಆಗುವ ಹುಚ್ಚು, ಇನ್ನೊಬ್ಬಳಿಗೆ ಅಪ್ಪ ಬೇಡವೆಂದ ಒಂದೇ ಕಾರಣಕ್ಕೆ ಬೇಕು. ಹೇಗೆ ಬಂದರೇನು, ಬಂದರಲ್ಲ. ಎಂಟನೆಯವಳಿಗಾಗಿ ಗ್ಲೆನಿಸ್ ದುಂಬಾಲು ಬಿದ್ದದ್ದು ಶೇಲಿ ಕ್ರೌಚ್ ಎಂಬ ಹುಡುಗಿಗೆ. ಶೇಲಿ ದೂರದ ಹೊಲದ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಕಡಿಮೆ. ಆದರೆ ಒಂದು ದಿನ ತರಗತಿಯಲ್ಲಿ, ಅಪ್ಪನ ಗಾಡಿಯ ಹಿಂದೆ ಕುರಿ ತುಂಬಿದ ಟ್ರೈಲರು ವೇಗ ಹೆಚ್ಚಾದಾಗ ಯಾಕೆ ಹಾವಿನಂತೆ ಹೊರಳಾಡುತ್ತದೆ, ಕುರಿಗಳನ್ನು ಮುಂದಕ್ಕೆ ನೂಕಿದರೆ ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದಳು. ಆ ಪ್ರಶ್ನೆ ಕೇಳಿದ ರಾತ್ರಿ ಗ್ಲೆನಿಸ್‌ಗೆ ಸಂತೋಷದಿಂದ ನಿದ್ದೆ ಬಂದಿರಲಿಲ್ಲ. ತೊಂದರೆ ಏನೆಂದರೆ, ಪಕ್ಕದ ಊರಿನ ಪಶುವೈದ್ಯರ ಹತ್ತಿರ ವಾರಕ್ಕೆರಡು ದಿನ ಕೆಲಸ ಕಲಿಯುವ ಕೋರ್ಸಿನಲ್ಲಿ ಶೇಲಿಗೆ ಆಗಲೇ ಜಾಗ ಸಿಕ್ಕಿತ್ತು. ಇಡೀ ಜಿಲ್ಲೆಗೆ ಇದ್ದದ್ದೇ ಬೆರಳೆಣಿಕೆಯ ಜಾಗ. ಎರಡೂ ಒಂದೇ ಹೊತ್ತಿಗೆ, ಒಂದನ್ನು ಬಿಡಲೇಬೇಕು.

"ಬಿಟ್ಟಮೇಲೆ ಫಿಸಿಕ್ಸ್ ನಡೀದೇ ಹೋದ್ರೆ ಮಿಸ್?" ಎಂದು ಶೇಲಿ ಕೇಳಿದಳು.

"ನಡೆಯುತ್ತೆ."

"ಹೋದ್ ವರ್ಷ ನಮ್ಮ ಅಣ್ಣಂಗೆ ಮರಗೆಲಸ ಇದೆ ಅಂದ್ರು, ಆಮೇಲೆ ಇಲ್ಲ ಅಂದ್ರು."

"ಅದು ಬೇರೆಯವರು ಹೇಳಿದ್ದು. ಇದು ನಾನು ಹೇಳ್ತಿರೋದು. ನಿನ್ನ ಕೈಯಲ್ಲಿ ಅದನ್ನ ಬಿಡಿಸಿ ಆಮೇಲೆ ನಡುನೀರಲ್ಲಿ ಕೈಬಿಡ್ತೀನಾ ನಾನು?"

ಶೇಲಿ ಒಂದು ವಾರ ಯೋಚಿಸಿ ಪಶುವೈದ್ಯರ ಕೋರ್ಸು ಬಿಟ್ಟಳು. ಆ ಜಾಗ ಮಾರನೆಯ ದಿನವೇ ಬೇರೆ ಹುಡುಗನಿಗೆ ಹೋಯಿತು. ಗ್ಲೆನಿಸ್ ರಸ್ಸೆಲ್‌ನ ಕೋಣೆಯ ಬಾಗಿಲಲ್ಲಿ ನಿಂತು ಎಂಟು ಬೆರಳು ಎತ್ತಿ ತೋರಿಸಿದಳು. ಅವನು ಎದ್ದು ಬಂದು ಕೈ ಕುಲುಕಿದ.

ಸೆಪ್ಟೆಂಬರಿನಲ್ಲಿ ಫುಟ್‌ಬಾಲ್ ಋತು ಮುಗಿದ ಮೇಲೆ ಕ್ಲಬ್ಬಿನಲ್ಲೊಂದು ಊಟ. ಈ ಊರಿನವರ ಮುತ್ತಜ್ಜಂದಿರು ಸಮುದ್ರದಾಚೆಯ ಕಾರ್ನ್‌ವಾಲಿನಿಂದ ತಾಮ್ರದ ಗಣಿಗೆ ಬಂದವರು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅವರ ಪ್ಯಾಸ್ಟಿ ಮಾತ್ರ ಮುಚ್ಚಿಲ್ಲ. ದೊಡ್ಡ ಕರ್ಜಿಕಾಯಿಯಂತೆ ಮಡಿಸಿದ ಹಿಟ್ಟಿನೊಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ. ಗಣಿಯೊಳಗೆ ಯಾರದು ಯಾವುದೆಂದು ತಿಳಿಯಲು ಮೂಲೆಯಲ್ಲಿ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲೇ ಕತ್ತರಿಸಿ ಅಂಟಿಸುತ್ತಿದ್ದರಂತೆ. ಈಗ ಕ್ಲಬ್ಬಿನ ಊಟದಲ್ಲಿ ಎಲ್ಲರ ಪ್ಯಾಸ್ಟಿಗೂ ಅಕ್ಷರ ಹಾಕುವುದಿಲ್ಲ. ಮುಂದಿನ ವರ್ಷ ಊರು ಬಿಟ್ಟು ಹೋಗುವವರದಕ್ಕೆ ಮಾತ್ರ. ಅಕ್ಷರದ ಪ್ಯಾಸ್ಟಿ ತಟ್ಟೆಗೆ ಬಂತೆಂದರೆ ಊರು ಬೀಳ್ಕೊಟ್ಟಿತು ಎಂದರ್ಥ.

ಆ ಮಧ್ಯಾಹ್ನ ಕ್ಲಬ್ಬಿನ ಅಡುಗೆಮನೆಯಲ್ಲಿ ಗ್ಲೆನಿಸ್ ಅಂಚು ಮಡಿಸುತ್ತಿದ್ದಳು. ಅಡುಗೆಮನೆಯ ಯಜಮಾನಿ ವೆರ್ನಾ, ರಸ್ಸೆಲ್‌ನ ಹೆಂಡತಿಯ ಅಕ್ಕ, ಒಲೆಯ ಹತ್ತಿರವಿದ್ದಳು.

"ಗ್ಲೆನ್, ನಿನ್ನ ಕೈ ನೆಟ್ಟಗಿದೆ. ಒಂದು ಬಿ, ಒಂದು ಟಿ ಕತ್ತರಿಸಿ ಅಂಟಿಸು."

ಬಿ ಅಂದರೆ ಸೇನೆಗೆ ಸೇರುತ್ತಿದ್ದ ಬ್ರೇಡನ್. ಗ್ಲೆನಿಸ್ ಅದನ್ನು ಅಂಟಿಸಿ, ಟಿಯನ್ನೂ ಕತ್ತರಿಸಿ ಇಟ್ಟು, "ಟಿ ಯಾರು? ಟ್ರೆವರ್ ತಾತ ಹೊರಟ್ನಾ?" ಎಂದಳು.

"ಅವನು ಹೊರಡೋದು ಸ್ಮಶಾನಕ್ಕೇ. ನಮ್ಮ ಟ್ಯಾಮ್ಸಿನ್ ಕಣೇ. ಅಡಿಲೇಡಲ್ಲಿ ಹಾಸ್ಟೆಲ್ ಸ್ಕೂಲು. ಫಿಸಿಕ್ಸ್‌ಗೆ ಅಲ್ಲಿ ಎರಡು ಲ್ಯಾಬ್ ಇದೆಯಂತೆ." ವೆರ್ನಾ ತಿರುಗಿ ನೋಡಿದಳು. "ನಿಂಗೆ ರಸ್ಸೆಲ್ ಹೇಳಿರ್ಬೇಕಲ್ಲ."

ಗ್ಲೆನಿಸ್ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ವೆರ್ನಾ ಕಾಯುತ್ತಿದ್ದಳು, ಒಲೆ ಕಾದಿತ್ತು, ತಟ್ಟೆ ಒಳಗೆ ಹೋಗಬೇಕಿತ್ತು. ಅವಳು ಟಿ ಅಕ್ಷರವನ್ನು ಮೂಲೆಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

ರಸ್ಸೆಲ್ ಹೊರಗೆ ಬೆಂಚು ಜೋಡಿಸುತ್ತಿದ್ದ. ಅವಳು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಟ್ಯಾಮ್ಸಿನ್‌ಗೆ ಅಲ್ಲಿ ಯಾವಾಗ ಜಾಗ ಸಿಕ್ಕಿದ್ದು ರಸ್?"

ಅವನು ಬೆಂಚಿನ ಕಾಲನ್ನು ನೋಡಿದ. "ನಾನೇ ಹೇಳ್ಬೇಕು ಅಂತಿದ್ದೆ ಮಿಸ್."

"ಯಾವಾಗ ಅಂತ ಕೇಳ್ದೆ."

"ಜೂನ್‌ನಲ್ಲಿ."

"ನೀನು ನನ್ನ ಹತ್ರ ಬಂದಿದ್ದು ಜುಲೈನಲ್ಲಿ."

"ಮಿಸ್, ಆಗಸ್ಟಲ್ಲಿ ನಮ್ಮ ಮಕ್ಕಳ ಲೆಕ್ಕ ಇಲಾಖೆಗೆ ಹೋಗ್ಬೇಕಿತ್ತು. ಲೆಕ್ಕ ಕಮ್ಮಿ ಆದ್ರೆ ಇಬ್ರು ಟೀಚರ್ ಕಮ್ಮಿ ಆಗ್ತಾರೆ. ಪ್ರಿನ್ಸಿಪಾಲನ ಮಗಳೇ ಹೋಗ್ತಿದಾಳೆ, ಫಿಸಿಕ್ಸೂ ಇಲ್ಲ ಅಂತ ಗೊತ್ತಾದ್ರೆ ಅರ್ಧ ಕ್ಲಾಸೇ ಬೇರೆ ಊರಿಗೆ ಹೋಗಿರೋದು. ಯಾರೂ ಹೋಗ್ದಂಗೆ ಹಿಡಿಯೋಕೆ ನಿಮ್ಮನ್ನ ಬಿಟ್ರೆ ಇನ್ಯಾರಿಗೂ ಆಗ್ತಿರ್ಲಿಲ್ಲ."

"ಅಂದ್ರೆ ನನ್ನನ್ನ ಬೇಲಿ ಮಾಡ್ಕೊಂಡೆ."

"ಸ್ಕೂಲು ಉಳೀತಲ್ಲ ಮಿಸ್."

"ಏಳು ಜನಕ್ಕೆ ನಡೆಸು. ನಿಯಮ ನಿಂದೇ ತಾನೆ?"

"ಆ ಹೊತ್ತು ಆಟದ ಕೋರ್ಸಿಗೆ ಕೊಟ್ಟಾಯ್ತು." ಅವನು ಈಗ ತಲೆ ಎತ್ತಿದ. "ನನ್ನ ಮಗಳ ಜೀವನ ಮಿಸ್. ನಿಮ್ಮ ರಾಬಿನ್ ಆಗಿದ್ರೆ ನೀವೂ ಇದೇ ಮಾಡ್ತಿದ್ರಿ."

"ನನ್ನ ರಾಬಿನ್ ಇದೇ ಸ್ಕೂಲಲ್ಲಿ, ಊರಿನ ಮಕ್ಕಳ ಪಕ್ಕದಲ್ಲೇ ಕೂತು ಓದಿದ್ದು," ಎಂದಳು ಗ್ಲೆನಿಸ್. ಅವನ ಹುಬ್ಬಿನ ಮೇಲೆ ಆ ಹಳೇ ಸುಟ್ಟ ಗುರುತು ಇನ್ನೂ ಇತ್ತು. ಇವನಿಗಾಗಿ ಇವನ ಅಮ್ಮನ ಹತ್ತಿರ ಮುಚ್ಚಿಟ್ಟಿದ್ದೆನಲ್ಲ ಎಂದು ಅವಳಿಗೆ ಮೈ ಉರಿಯಿತು. ನಂಬಿಸಿ ಕತ್ತು ಕೊಯ್ಯುವುದು ಎಂಬ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಕೊಯ್ಯುವವನು ಮಿಸ್ ಎನ್ನುತ್ತಲೇ ಕೊಯ್ಯುತ್ತಾನೆಂದು ತಿಳಿದಿರಲಿಲ್ಲ. ಕಾಲಿನ್‌ಗೆ ಏನು ಹೇಳುವುದೆಂಬ ಚಿಂತೆ ಮೊದಲು ಬಂತು. ಶೇಲಿಯ ನೆನಪು ಬಂದದ್ದು ಆಮೇಲೆ. ಬಂದಾಗ ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಸಂಜೆ ಊಟ ನಡೆಯಿತು. ರಸ್ಸೆಲ್ ನಮ್ಮೂರ ಮಕ್ಕಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದ. ಬ್ರೇಡನ್‌ಗೆ ಬಿ ಬಂತು, ಟ್ಯಾಮ್ಸಿನ್‌ಗೆ ಟಿ ಬಂತು. ಜನ ಮೇಜು ಬಡಿದರು. ಗ್ಲೆನಿಸ್ ಅಡುಗೆಮನೆಯ ಕಿಟಕಿಯಲ್ಲಿ ಇಕ್ಕಳ ಹಿಡಿದು ಬಡಿಸುತ್ತಿದ್ದಳು. ಮನೆಗೆ ಹೋಗಬಹುದಿತ್ತು, ಆದರೆ ಬಡಿಸುವ ಸರದಿ ಅವಳದಾಗಿತ್ತು, ಈ ಊರಿನಲ್ಲಿ ಸರದಿ ಬಿಟ್ಟು ಹೋಗುವವರಿಲ್ಲ. ಸಾಲು ಮುಗಿಯುತ್ತ ಬಂದಾಗ ತಟ್ಟೆ ಹಿಡಿದು ಶೇಲಿ ಬಂದಳು.

"ಟ್ಯಾಮ್ಸಿನ್ ಹೋದ್ರೆ ನಾವು ಏಳು ಜನ ಮಿಸ್."

"ಹೌದಮ್ಮ."

"ಹಂಗಾದ್ರೆ ಇಲ್ಲ."

"ನಾನು ಊಟದ ಹೊತ್ತಲ್ಲಿ ಪಾಠ ಹೇಳ್ಕೊಡ್ತೀನಿ. ದಿನಾ. ಎರಡು ವರ್ಷವೂ."

"ಅದು ಸರ್ಟಿಫಿಕೇಟಿಗೆ ಸೇರುತ್ತಾ?"

ಸೇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನಂಗೆ ಇವತ್ತು ಮಧ್ಯಾಹ್ನವೇ ಗೊತ್ತಾಗಿದ್ದು ಶೇಲಿ. ದೇವರಾಣೆ."

ಶೇಲಿ ಕೂಗಾಡಲಿಲ್ಲ. ಆ ಹುಡುಗಿಗೆ ಕೂಗಾಡುವ ಅಭ್ಯಾಸವೇ ಇಲ್ಲ. ಟ್ಯಾಮ್ಸಿನ್ ಕೂತಿದ್ದ ಮೇಜಿನ ಕಡೆ ಒಮ್ಮೆ ನೋಡಿದಳು. "ಆ ಅಕ್ಷರ ಅಂಟಿಸಿದ್ದು ನೀವೇ ಅಂತ ವೆರ್ನಾ ಆಂಟಿ ಹೇಳ್ತಿದ್ರು."

"ಅಂಟಿಸ್ದೆ. ಆದ್ರೆ..."

"ಇರ್ಲಿ ಬಿಡಿ ಮಿಸ್." ಅವಳು ತಟ್ಟೆ ಮುಂದೆ ಹಿಡಿದಳು. ಗ್ಲೆನಿಸ್ ಇರುವುದರಲ್ಲಿ ದೊಡ್ಡದನ್ನು ಆರಿಸಿ ಹಾಕಿದಳು. ಶೇಲಿ ಅಂಚಿಗೆ ಜಾರಿದ ಪ್ಯಾಸ್ಟಿಯನ್ನು ತಟ್ಟೆಯ ನಡುವಿಗೆ ಸರಿಸಿದಳು.

"ರಸ್ಸೆಲ್ ಸರ್ ಹೇಳಿದ್ರೆ ನಾನು ಬಿಡ್ತಿರ್ಲಿಲ್ಲ ಮಿಸ್," ಎಂದಳು. "ನೀವು ಹೇಳಿದ್ರಿ ಅಂತ ಬಿಟ್ಟೆ."

ಆಮೇಲೆ ಅವಳು ತಟ್ಟೆ ತೆಗೆದುಕೊಂಡು ಅಪ್ಪನ ಪಕ್ಕದಲ್ಲಿ ಹೋಗಿ ಕೂತಳು. ಹಿಂದೆ ನಿಂತಿದ್ದ ಟ್ರೆವರ್ ತಾತ ಕಿಟಕಿಯೊಳಗೆ ತಲೆ ಹಾಕಿ ಟೊಮ್ಯಾಟೊ ಸಾಸ್ ಇದೆಯಾ ಎಂದು ಕೇಳಿದ, ಗ್ಲೆನಿಸ್‌ಗೆ ಕೇಳಿಸಲಿಲ್ಲ, ಅವನು ಇನ್ನೊಮ್ಮೆ ಕೇಳಬೇಕಾಯಿತು.