ಶಮೀಮಾ ತಿದ್ದಿದ ಪ್ರಶ್ನೆಪತ್ರಿಕೆ

ಎರಡು ವರ್ಷದ ಹಿಂದಿನ ಬೇಸಿಗೆ ರಜೆ. ನಾನು ಮಾಗಡಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಹಳೆಯ ವಿದ್ಯಾರ್ಥಿನಿ ಸುಮಾ ಫೋನ್ ಮಾಡಿದಳು. ಅವಳೀಗ ಮನೋವೈದ್ಯೆ, ಸಂಶೋಧಕಿ. "ಮಿಸ್, ಒಂದು ಪ್ರಶ್ನೆಪತ್ರಿಕೆ ಕನ್ನಡಕ್ಕೆ ತಂದುಕೊಡಬೇಕು" ಎಂದಳು.

ವಿಷಯ ಕೇಳಿ ಬೆರಗಾದೆ. ಕೆಲವು ಜಾತಿಯ ಅಣಬೆಗಳಲ್ಲಿ ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಅಂಶವಿದೆಯಂತೆ. ಹೊರದೇಶದ ವಿಜ್ಞಾನಿಗಳು ಅದನ್ನು ವೈದ್ಯರ ಕಣ್ಣೆದುರೇ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರಂತೆ. ಕೆಲವರಿಗೆ ದೇವರನ್ನೇ ಕಂಡಂಥ ಅನುಭವವಾಗುತ್ತದಂತೆ. ಅದನ್ನು ಅಳೆಯಲು ಒಂದು ಪ್ರಶ್ನೆಗಳ ಪಟ್ಟಿ. ಸುಮಾ ಯಾರಿಗೂ ಅದನ್ನು ಕೊಡುವವಳಿರಲಿಲ್ಲ. ಪ್ರಾರ್ಥನೆ, ಭಜನೆ, ಕೆಲಸದ ನಡುವೆ ನಮ್ಮ ಜನರಿಗೂ ಅಂಥದ್ದು ಆಗುತ್ತದೆಯೇ ಎಂದು ಕೇಳಬೇಕಿತ್ತು, ಅಷ್ಟೆ. "ಪ್ರಶ್ನೆ ಅರ್ಥವಾಗದೆ ಸುಮ್ಮನೆ ಹೌದು ಅಂದುಬಿಟ್ಟರೆ ನನ್ನ ಮೂರು ವರ್ಷದ ಕೆಲಸ ನೀರುಪಾಲು, ಮಿಸ್."

ಹದಿನೈದು ದಿನ ಕೂತು, ನಿಘಂಟು ತಿರುವಿ, ಬಲು ಗಂಭೀರವಾಗಿ ಅನುವಾದಿಸಿದೆ. ಅರ್ಥವಾಗುತ್ತದೆಯೇ ಎಂದು ನೋಡಲು ಮೊದಲು ಕೇಳಿದ್ದು ನಮ್ಮ ಶಾಲೆಯ ಜವಾನರಾದ ಕೂಟಗಲ್ಲಿನ ಸಿದ್ದರಾಜು ಅವರನ್ನು.

"ನಿಮ್ಮ ಅಹಂಭಾವ ವಿಲೀನಗೊಂಡು ಸರ್ವದೊಡನೆ ತಾದಾತ್ಮ್ಯ ಉಂಟಾಗಿತ್ತೇ?"

ಅವರು ತಲೆ ಕೆರೆದುಕೊಂಡರು. "ಮೇಡಂ, ಇದು ಎಸ್ಸೆಲ್ಸಿಗೆ ಬತ್ತದಾ?"

"ಕಾಲದ ಪರಿವೆಯೇ ಇಲ್ಲದಂತಾಗಿತ್ತೇ?"

"ಬಿಡದಿ ಬಸ್‌ಗೆ ಕಾಯುವಾಗ ದಿನಾ ಆಯ್ತದೆ."

ಪಾಪ, ಬೇರೆಯವರನ್ನೂ ಕೇಳಿ ನೋಡಲೆಂದು ಅವರೇ ನನ್ನನ್ನು ರಾಮನಗರದಲ್ಲಿ ತಮ್ಮ ಪರಿಚಯದವರ ಶೆಡ್ಡಿಗೆ ಕರೆದೊಯ್ದರು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಜಾಗ. ನಾನು ಹೇಳಿದ್ದ ವಿಷಯವನ್ನು ಅವರು ಅಲ್ಲಿಗೆ ಮೊದಲೇ ಫೋನಿನಲ್ಲಿ ಹೇಗೆ ಹೇಳಿದ್ದರೋ, ನಾನು ಕಾಲಿಡುತ್ತಲೇ ನಾಲ್ಕೈದು ಗಂಡಸರು ಸುತ್ತುವರಿದರು. ಒಬ್ಬರು ಮೆಲ್ಲಗೆ, "ದೇವ್ರು ಕಾಣೋ ಅಣಬೆ ತಂದಿದ್ದೀರಂತಲ್ಲ ಮೇಡಂ, ಒಸಿ ಕೊಡಿ" ಎಂದರು. "ಅಣಬೆ ಇಲ್ಲ, ಬರೀ ಪ್ರಶ್ನೆ" ಎಂದೆ. ಎಲ್ಲರೂ ಜಾಗ ಖಾಲಿ ಮಾಡಿದರು!

ಉಳಿದವರು ಬಿಸಿನೀರಿನ ಬಾಣಲೆಯ ಮುಂದೆ ಕೂತಿದ್ದ ಶಮೀಮಾ ಬಾನು ಒಬ್ಬರೇ. ಅದೇ 'ತಾದಾತ್ಮ್ಯ'ದ ಪ್ರಶ್ನೆ ಓದಿದೆ. ಅವರು ಪಕಪಕನೆ ನಕ್ಕರು. "ಇದು ಕನ್ನಡಾನಾ ಮೇಡಂ?"

ಹಾಳೆ ಮಡಚಿಟ್ಟೆ. "ನಾನೇ ಇಲ್ಲ ಅಂತ ನಿಮಗೆ ಯಾವತ್ತಾದರೂ ಅನ್ನಿಸಿದ್ದುಂಟಾ?" ಎಂದು ಕೇಳಿದೆ.

ನಗು ನಿಂತಿತು.

"ಒಂದ್ಸಲ ಆಗೈತೆ. ಅಮ್ಮಿ ತೀರ್ಕೊಂಡು ನಲವತ್ತು ದಿನ ಆಗಿತ್ತು. ಇಲ್ಲೇ ಕೂತಿದ್ದೆ. ಇದ್ದಕ್ಕಿದ್ದಂಗೆ ನೂಲು ಯಾವ್ದು, ನನ್ ಬೆರಳು ಯಾವ್ದು ಗೊತ್ತಾಗ್ನಿಲ್ಲ. ನೀರು, ಹಬೆ, ಪಕ್ಕದಲ್ಲಿದ್ದೋರು, ಎಲ್ಲಾ ಒಂದೇ. ಭಯಾನೇ ಆಗ್ನಿಲ್ಲ. ಎಷ್ಟು ಖುಷಿ ಆಯ್ತು ಅಂತೀರಾ! ಹುಚ್ಚಿ ಅಂತಾರೆ ಅಂತ ಯಾರ್ಗೂ ಹೇಳ್ನಿಲ್ಲ."

ಸಂಜೆಯವರೆಗೂ ಅಲ್ಲೇ ಕೂತು ಪ್ರತಿ ಪ್ರಶ್ನೆಯನ್ನೂ ಓದಿದೆ. ಅವರು ಎಳೆ ಹಿಡಿಯುತ್ತಲೇ "ಹಿಂಗೆ ಕೇಳಿ" ಎಂದು ತಿದ್ದಿದರು. ನನ್ನ 'ತಾದಾತ್ಮ್ಯ' ಹೋಗಿ, 'ನಾನು ಬೇರೆ, ಉಳಿದದ್ದು ಬೇರೆ ಅನ್ನೋದೇ ಇರಲಿಲ್ಲವೇ?' ಎಂದಾಯಿತು.

ಸುಮಾ ಆ ಪಟ್ಟಿ ಹಿಡಿದು ಕನಕಪುರ, ಚನ್ನಪಟ್ಟಣವೆಲ್ಲ ಸುತ್ತಿದಳು. "ಮಿಸ್, ಹಂಗಂದ್ರೇನು ಅಂತ ಒಬ್ಬರೂ ಕೇಳಲಿಲ್ಲ. ಕಣ್ಣೊರೆಸಿಕೊಂಡು ತಮ್ಮ ತಮ್ಮ ಕತೆ ಹೇಳಿದರು!" ಎಂದು ಫೋನಿನಲ್ಲೇ ಕುಣಿದಾಡಿದಳು.

ಸುದ್ದಿ ತಿಳಿಸಲು ಸಿಹಿ ತೆಗೆದುಕೊಂಡು ಮತ್ತೆ ಆ ಶೆಡ್ಡಿಗೆ ಹೋದೆ. ಶಮೀಮಾ ಸಿಹಿ ಬಾಯಿಗೆ ಹಾಕಿಕೊಂಡು, "ನಿಮ್ಗೆ ಅಂಗೆ ಆಗೈತಾ ಮೇಡಂ?" ಎಂದರು. "ಇಲ್ಲ" ಎಂದೆ. ಅವರು ನನ್ನ ಬೆನ್ನು ಸವರಿ, "ಆಯ್ತದೆ ಬುಡಿ, ಅವಸರ ಬ್ಯಾಡ" ಎಂದು ಸಮಾಧಾನ ಮಾಡಿದರು.

ಇಪ್ಪತ್ತಾರು ವರ್ಷ ಪಾಠ ಹೇಳಿದವಳನ್ನು ಅಷ್ಟು ಪ್ರೀತಿಯಿಂದ ಯಾರೂ ಫೇಲ್ ಮಾಡಿರಲಿಲ್ಲ. ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.